ಹುಳುವಿನ ಮನೆಗೆ ಬಂದ ಉಷ್ಣಮಾಪಕ

ದೇವನಹಳ್ಳಿ, ಹೊಸಕೋಟೆ ಕಡೆಯ ಹಳೆಯ ಮನೆಗಳಲ್ಲಿ ಒಂದು ಕಾಲಕ್ಕೆ ನಡುಮನೆ ವರ್ಷದಲ್ಲಿ ನಾಲ್ಕೈದು ಬಾರಿ ಮನುಷ್ಯರ ಕೈ ಬಿಟ್ಟುಹೋಗುತ್ತಿತ್ತು. ಬೆಳೆ ಇಳಿಸಿದ ದಿನದಿಂದ ಗೂಡು ಬಿಡಿಸುವವರೆಗೆ ಅದು ರೇಷ್ಮೆ ಹುಳುಗಳದು. ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಹೊತ್ತ ಅಟ್ಟಣಿಗೆಗಳು ಗೋಡೆಯುದ್ದಕ್ಕೂ ನಿಲ್ಲುತ್ತಿದ್ದವು. ಇರುವೆ ಹತ್ತದಂತೆ ಅವುಗಳ ಕಾಲಿಗೆ ನೀರಿನ ಬಟ್ಟಲು. ಮನೆಯವರು ಜಗಲಿಗೋ ಅಡುಗೆಮನೆಯ ಮೂಲೆಗೋ ಸರಿದು ಮಲಗುತ್ತಿದ್ದರು. ಕೊನೆಯ ವಾರದ ರಾತ್ರಿಗಳಲ್ಲಿ ಹುಳುಗಳು ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳುತ್ತಿತ್ತು.

ಇಂಥ ಅನೇಕ ಮನೆಗಳಲ್ಲಿ ದೇವರ ಪಟಕ್ಕೂ ಕ್ಯಾಲೆಂಡರಿಗೂ ನಡುವೆ ಒಂದು ಮರದ ಹಲಗೆ ತೂಗುತ್ತಿತ್ತು. ಅದರಲ್ಲಿ ಎರಡು ಗಾಜಿನ ನಳಿಗೆಗಳು. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ಪುಟ್ಟ ನೀರಿನ ಸೀಸೆಗೆ ಇಳಿಬಿಟ್ಟಿರುತ್ತಿದ್ದರು. ಮಗುವಿನ ಮೈ ಬಿಸಿಯಾದರೆ ಹಣೆ ಮುಟ್ಟಿ ನೋಡುತ್ತಿದ್ದ ಮನೆಯಲ್ಲೇ ಹುಳುವಿನ ಕೋಣೆಯ ಬಿಸಿ ನೋಡಲು ಉಷ್ಣಮಾಪಕವಿತ್ತು! ಇಂದು ಅದೇ ಊರುಗಳ ಕೆಲವು ಹುಳುಮನೆಗಳಲ್ಲಿ ಆ ಹಲಗೆಯ ಜಾಗಕ್ಕೆ ಬೆಂಕಿಪೊಟ್ಟಣದ ಗಾತ್ರದ ಒಂದು ಪ್ಲಾಸ್ಟಿಕ್ ಡಬ್ಬಿ ಬಂದಿದೆ. ಕೆಲವು ನಿಮಿಷಗಳಿಗೊಮ್ಮೆ ಕೋಣೆಯ ಉಷ್ಣಾಂಶ, ತೇವಾಂಶಗಳನ್ನು ಅದು ದೂರದ ಕಂಪ್ಯೂಟರಿಗೆ ರವಾನಿಸುತ್ತದೆ. ಮಿತಿ ಮೀರಿದರೆ ಸಾಕಣೆದಾರನ ಮೊಬೈಲ್ ಕೂಗುತ್ತದೆ.

ಮನೆಯ ಒಳಗಿನ ಹವೆಯನ್ನು ಸೆನ್ಸರ್ ಹಾಗೂ ಕಂಪ್ಯೂಟರಿನಿಂದ ಗಮನಿಸುವುದು ನಗರದ ಹವ್ಯಾಸಿಗಳ ಹೊಸ ಆಟವೆಂದೇ ಹಲವರ ತಿಳಿವಳಿಕೆ. ಆದರೆ ಬೆಂಗಳೂರು ಗ್ರಾಮಾಂತರದ ಮಟ್ಟಿಗೆ ಈ ಕಥೆ ನಗರದಿಂದ ಹಳ್ಳಿಗೆ ಬಂದದ್ದಲ್ಲ. ಇಲ್ಲಿ ಕೋಣೆಯ ಗಾಳಿಯನ್ನು ಅಂಕಿಯಲ್ಲಿ ಅಳೆಯುವ ಪಾಠವನ್ನು ಮನೆಗಳಿಗೆ ಕಲಿಸಿದ್ದು ಹುಳು.

ಹುಳುವಿಗೆ ತನ್ನದೇ ಆದ ಬಿಸಿಯಿಲ್ಲ. ಅದು ಶೀತರಕ್ತದ ಜೀವಿ. ಸುತ್ತಲ ಗಾಳಿ ಎಷ್ಟು ಬೆಚ್ಚಗಿದೆಯೋ ಅದರ ಮೈ ಅಷ್ಟೇ ಬೆಚ್ಚಗೆ. ಹಸಿವು, ಜೀರ್ಣ, ಬೆಳವಣಿಗೆ ಎಲ್ಲದರ ವೇಗವೂ ಅದರಂತೆ. ಮೊಟ್ಟೆಯೊಡೆದ ಸಾಸಿವೆಗಿಂತ ಸಣ್ಣ ಮರಿ ನಾಲ್ಕು ಬಾರಿ ಪೊರೆ ಬಿಟ್ಟು, ಐದು ಹಂತ ದಾಟಿ, ಮೂರೂವರೆ ವಾರದಲ್ಲಿ ಹತ್ತು ಸಾವಿರ ಪಟ್ಟು ತೂಕ ಹೆಚ್ಚಿಸಿಕೊಳ್ಳುತ್ತದೆ. ಈ ಓಟದಲ್ಲಿ ಪ್ರತಿ ಹಂತಕ್ಕೂ ಅದಕ್ಕೆ ಬೇಕಾದ ಹವೆಯೇ ಬೇರೆ. ಚಾಕಿ ಎಂದು ಕರೆಯುವ ಮೊದಲೆರಡು ಹಂತಗಳಲ್ಲಿ 26ರಿಂದ 28 ಡಿಗ್ರಿ ಸೆಂಟಿಗ್ರೇಡ್ ಉಷ್ಣಾಂಶ, ಶೇಕಡಾ 80ರಿಂದ 90ರಷ್ಟು ತೇವ. ನಾಲ್ಕನೆಯ ಹಂತಕ್ಕೆ 24-25 ಡಿಗ್ರಿ, ಶೇ 70-75. ಐದನೆಯ ಹಂತದಲ್ಲಿ ಇನ್ನೂ ತಂಪಾಗಿ 23-24 ಡಿಗ್ರಿ, ತೇವ ಶೇ 65-70ಕ್ಕೆ ಇಳಿಯಬೇಕು. ಗಾಳಿಯೂ ಚೆನ್ನಾಗಿ ಆಡಬೇಕು. ತನ್ನ ಆಯುಷ್ಯದ ಒಟ್ಟು ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚನ್ನು ಹುಳು ತಿನ್ನುವುದು ಈ ಕೊನೆಯ ವಾರದಲ್ಲೇ.

ಪೊರೆ ಬಿಡುವ ಮುನ್ನ ಹುಳು ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ಒಂದು ದಿನ ಸುಮ್ಮನೆ ನಿಲ್ಲುತ್ತದೆ. ನಮ್ಮ ರೈತರು ಇದನ್ನು ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ ಎಂದು ಎಣಿಸುತ್ತಾರೆ. ಈ ಜ್ವರದಲ್ಲಿ ಮೈ ಬಿಸಿಯಾಗುವುದಿಲ್ಲವಾದರೂ ಹೆಸರಿಟ್ಟವರ ಕಣ್ಣು ಸೂಕ್ಷ್ಮವಾದದ್ದು: ಊಟ ಬಿಟ್ಟು ಮುದುರಿದ ಮಗುವನ್ನು ಕಂಡವರೇ ಆ ಹೆಸರಿಟ್ಟಿರಬೇಕು. ಆ ಹೊತ್ತಿಗೆ ಕೋಣೆ ಒಣಗಿರಬೇಕು. ಅದಕ್ಕಾಗಿ ತಟ್ಟೆಯ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ.

ಹವೆ ತಪ್ಪಿದರೆ ಏನಾಗುತ್ತದೆಂಬುದಕ್ಕೂ ಹಳ್ಳಿಯಲ್ಲಿ ಹೆಸರುಗಳುಂಟು. ಚಳಿಯ ಜೊತೆ ತೇವ ಸೇರಿದರೆ ಸುಣ್ಣಕಟ್ಟು ರೋಗ. ಹುಳು ಸತ್ತು ಸೀಮೆಸುಣ್ಣದ ಕಡ್ಡಿಯಂತೆ ಬಿಳಿಚಿ ಗಟ್ಟಿಯಾಗುತ್ತದೆ. ಸೆಕೆ, ತೇವಗಳು ಏರುಪೇರಾದರೆ ಸಪ್ಪೆ ರೋಗ, ಹಾಲು ತೊಂಡೆ. ಈ ರೋಗಗಳಿಗೆ ಸೂಕ್ಷ್ಮಾಣುಗಳು ಬೇರೆಯೇ ಇವೆ. ಆದರೆ ಅವಕ್ಕೆ ಬಾಗಿಲು ತೆರೆಯುವುದು ಕೆಟ್ಟ ಹವೆ. ಬೆಳೆ ಕೈಕೊಟ್ಟರೆ ಹೋಗುವುದು ಹುಳುವಷ್ಟೇ ಅಲ್ಲ. ತೋಟಕ್ಕೆ ಹಾಕಿದ ಗೊಬ್ಬರ, ನೀರು, ಮೊಟ್ಟೆಗೆ ಕೊಟ್ಟ ದುಡ್ಡು, ಮನೆಮಂದಿಯ ಒಂದು ತಿಂಗಳ ನಿದ್ದೆ ಎಲ್ಲವೂ ಹೋಗುತ್ತದೆ. ಹುಳು ಹಣ್ಣಾಗುವ ಹಿಂದಿನ ದಿನವೂ ಹೀಗಾಗಬಹುದು.

ದೇವನಹಳ್ಳಿಯ ಮಗ ಬರೆಸಿದ ಪತ್ರ

ಮೈಸೂರು ಸೀಮೆಗೆ ರೇಷ್ಮೆ ಕೃಷಿಯನ್ನು ತಂದವನು ಟಿಪ್ಪು ಸುಲ್ತಾನ. ಅವನು ಹುಟ್ಟಿದ್ದು ದೇವನಹಳ್ಳಿಯಲ್ಲಿ ಎಂಬುದು ಈ ಜಿಲ್ಲೆಯವರಿಗೆಲ್ಲ ಗೊತ್ತಿರುವ ಸಂಗತಿ. 1780ರ ದಶಕದ ನಡುವಿನಲ್ಲಿ ಅವನು ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರನ್ನು ಹುಳು ತರಲೆಂದು ಬಂಗಾಳಕ್ಕೆ ಕಳಿಸಿದ. ಅವರು ಮರಳುತ್ತಿರುವಾಗ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಹೋದ ಅವನ ಪತ್ರವೊಂದು ಉಳಿದಿದೆ. ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಪ್ರಕಟಿಸಿದ ಟಿಪ್ಪುವಿನ ಪತ್ರಗಳ ಸಂಗ್ರಹದಲ್ಲಿ ಅದು ಸೇರಿದೆ. ಬಂದವರಿಂದ ಮೊದಲು ತಿಳಿಯಬೇಕಾದದ್ದು ಹುಳುಗಳನ್ನು ಇಡಲು ತಕ್ಕ ಸ್ಥಳ ಯಾವುದು ಎಂಬುದನ್ನು. ಅದರಂತೆ ಏರ್ಪಾಡು ಮಾಡಬೇಕು ಎಂಬುದು ಅದರಲ್ಲಿರುವ ಆಜ್ಞೆ. ರಾಜ್ಯದ 21 ಕೇಂದ್ರಗಳಲ್ಲಿ ಹುಳು ಸಾಕಲು ಅವನು ವ್ಯವಸ್ಥೆ ಮಾಡಿದನೆಂದು ದಾಖಲೆಗಳು ಹೇಳುತ್ತವೆ.

ಸ್ಥಳದ ಪ್ರಶ್ನೆಯನ್ನೇ ಮೊದಲು ಕೇಳಿದ್ದು ಸರಿಯಾಗಿತ್ತು. ಬಂಗಾಳದ ಒದ್ದೆ ಬಯಲಿಗೂ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಈ ಒಣ ಪ್ರಸ್ಥಭೂಮಿಗೂ ಹೋಲಿಕೆಯಿಲ್ಲ. ಬೆಂಗಳೂರಿನ ಸುತ್ತ ಡಿಸೆಂಬರ್-ಜನವರಿಯ ರಾತ್ರಿ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿದರೆ, ಏಪ್ರಿಲ್ ಮಧ್ಯಾಹ್ನ 34ರ ಹತ್ತಿರಕ್ಕೆ ಏರುತ್ತದೆ. ಮಾರ್ಚ್ ಸಂಜೆಗಳಲ್ಲಿ ಗಾಳಿಯ ತೇವ ಶೇ 30ರ ಸುಮಾರಿಗೆ ಕುಸಿಯುತ್ತದೆ. ಅದೇ ಒಣ ಗಾಳಿ ದೊಡ್ಡಬಳ್ಳಾಪುರದ ಮಗ್ಗಗಳ ಮೇಲೆ ರೇಷ್ಮೆ ಎಳೆಯನ್ನೂ ತುಂಡರಿಸುತ್ತದೆ ಎಂಬುದು ನೇಕಾರರ ಅನುಭವ. ಆದರೂ ವರ್ಷದ ಬಹುಪಾಲು ದಿನ ಇಲ್ಲಿನ ಹವೆ ಅತಿಗೆ ಹೋಗುವುದಿಲ್ಲ. ಮಣ್ಣಿನ ಗೋಡೆ, ಹೆಂಚಿನ ಮಾಡು ಉಳಿದದ್ದನ್ನು ಸರಿದೂಗಿಸುತ್ತವೆ. ಈ ಹವೆಯಲ್ಲೇ ತಲೆಮಾರುಗಟ್ಟಲೆ ಸಾಕಿದ್ದರಿಂದ ಹಸಿರು ಮಿಶ್ರಿತ ಹಳದಿ ಗೂಡಿನ 'ಮೈಸೂರು ತಳಿ' ಗಟ್ಟಿಯಾಯಿತು. ಅದರ ಎಳೆ ಗಿಡ್ಡ, ಗೂಡು ಹಗುರ. ಆದರೆ ಹವೆಯ ಏರುಪೇರನ್ನು ಅದು ಬಹಳಷ್ಟು ತಾಳಿಕೊಳ್ಳುತ್ತದೆ. ಈ ತಳಿ ಇದ್ದಷ್ಟು ಕಾಲ ಹಳ್ಳಿಗೆ ಉಷ್ಣಮಾಪಕದ ಅಗತ್ಯ ತೀವ್ರವಾಗಿ ಕಾಡಲಿಲ್ಲ.

ಇಟಲಿ, ಜಪಾನ್, ಬಸವನಗುಡಿ

ಅತ್ತ ಯೂರೋಪಿನಲ್ಲಿ ಪರಿಸ್ಥಿತಿ ಬೇರೆಯಿತ್ತು. ಜಿನೀವಾದ ಸೊಸೂರ್ 1783ರಲ್ಲಿ ಮನುಷ್ಯರ ತಲೆಗೂದಲಿನಿಂದ ತೇವಮಾಪಕ ಮಾಡುವ ವಿಧಾನವನ್ನು ಪ್ರಕಟಿಸಿದ್ದ. ಕೂದಲು ತೇವ ಹೀರಿದರೆ ತುಸು ಉದ್ದವಾಗುತ್ತದೆ, ಒಣಗಿದರೆ ಕುಗ್ಗುತ್ತದೆ. ಅಷ್ಟೇ ಅದರ ಗುಟ್ಟು. ಇಟಲಿಯ ವಾರೇಸೆ ಎಂಬಲ್ಲಿ ಜಮೀನು ಹೊಂದಿದ್ದ ರಸಾಯನಶಾಸ್ತ್ರಜ್ಞ ವಿಂಚೆಂಜೊ ದಾಂಡೊಲೊ ಉಷ್ಣಮಾಪಕ, ತೇವಮಾಪಕ ಎರಡನ್ನೂ ಹುಳುಮನೆಯೊಳಗೆ ತಂದು ನೇತುಹಾಕಿದ. ಒಲೆಗಳು, ಗಾಳಿಕಿಂಡಿಗಳು ಎಲ್ಲಿರಬೇಕು, ಯಾವ ದಿನ ಎಷ್ಟು ಡಿಗ್ರಿ ಇರಬೇಕು ಎಂದು ಲೆಕ್ಕಹಾಕಿ 1815ರಲ್ಲಿ ಪುಸ್ತಕ ಬರೆದ. ಆ ಮಾದರಿಯ ಹುಳುಮನೆಗಳಿಗೆ ಅವನ ಹೆಸರೇ ಅಂಟಿಕೊಂಡಿತು.

ಜಪಾನಿನ ಕಥೆ ಇನ್ನೂ ಸ್ವಾರಸ್ಯದ್ದು. ಫುಕುಶಿಮಾ ಪ್ರಾಂತದ ಹುಳು ಸಾಕಣೆದಾರ ನಕಾಮುರಾ ಝೆನ್‌ಎಮೊನ್ ಎಂಬವನು ಕಾಯಿಲೆ ಬಿದ್ದಾಗ ವೈದ್ಯನ ಬಳಿ ಡಚ್ಚರ ಉಷ್ಣಮಾಪಕವನ್ನು ಕಂಡ. ಹುಳುವಿನ ಕೋಣೆಗೂ ಇಂಥದೊಂದು ಯಾಕಿರಬಾರದು ಎನ್ನಿಸಿ ವರ್ಷಗಟ್ಟಲೆ ಹೆಣಗಿ ಗಾಜಿನ ನಳಿಗೆ ಊದಿಸಿ ತನ್ನದೇ ಮಾಪಕ ಮಾಡಿದ. 1849ರಲ್ಲಿ ಅದರ ಬಳಕೆಯ ಕೈಪಿಡಿಯನ್ನೂ ಹೊರತಂದ. ಅಲ್ಲಿಯವರೆಗೆ ಅಲ್ಲಿಯೂ ಅಳತೆ ಎಂದರೆ ಸಾಕುವವರ ಚರ್ಮವೇ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗಂಟು ರೋಗ ಯೂರೋಪನ್ನು ಬಡಿಯಿತು. ಫ್ರಾನ್ಸಿನ ಗೂಡಿನ ಉತ್ಪನ್ನ 1853ರಲ್ಲಿ 2.6 ಕೋಟಿ ಕಿಲೋ ಇದ್ದದ್ದು 1865ರ ಹೊತ್ತಿಗೆ 40 ಲಕ್ಷ ಕಿಲೋಗೆ ಇಳಿಯಿತು. ಆ ವರ್ಷ ಕೆಲಸಕ್ಕಿಳಿದ ಲೂಯಿ ಪಾಶ್ಚರ್ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಅದರ ಮೊಟ್ಟೆಯನ್ನು ಸುಡುವ ಕ್ರಮ ಕಂಡುಕೊಂಡ. ಕರ್ನಾಟಕದ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುವುದು ಅದೇ ತತ್ತ್ವದ ಮೇಲೆ. ಮೈಸೂರಿನ ರೇಷ್ಮೆಯೂ ಆ ದಶಕಗಳಲ್ಲಿ ಸೊರಗಿತ್ತು. 1866ರಲ್ಲಿ ದೆ ವೆಕ್ಕಿ ಎಂಬ ಇಟಲಿಯವನು ಜಪಾನಿನ ಮೊಟ್ಟೆ ತರಿಸಿ ಅದನ್ನು ಮೇಲೆತ್ತಲು ಯತ್ನಿಸಿದ. ಆ ಯತ್ನ ಹೆಚ್ಚು ಕಾಲ ಬಾಳಲಿಲ್ಲ.

ಬಾಳಿದ್ದು ಜೆಮ್‌ಷೆಡ್‌ಜಿ ಟಾಟಾ ಅವರ ಪ್ರಯತ್ನ. 1896ರಲ್ಲಿ ಬೆಂಗಳೂರಿನಲ್ಲಿ ಅವರು ರೇಷ್ಮೆ ಫಾರಂ ತೆರೆದು ಜಪಾನಿನ ತಜ್ಞರನ್ನು ಕರೆಸಿದರು. 1910ರಲ್ಲಿ ಅದು ಸಾಲ್ವೇಷನ್ ಆರ್ಮಿಯ ಕೈಗೆ ಹೋಯಿತು. ಬಸವನಗುಡಿಯ ಪಕ್ಕದ ಬಡಾವಣೆಯನ್ನು ಜನ ಈಗಲೂ ಟಾಟಾ ಸಿಲ್ಕ್ ಫಾರಂ ಎನ್ನುತ್ತಾರಾದರೂ ಅಲ್ಲಿ ಹಿಪ್ಪುನೇರಳೆಯ ಒಂದು ಕಡ್ಡಿಯೂ ಸಿಗದು. ಮುಂದೆ ಮೈಸೂರು ಸರ್ಕಾರ ರೇಷ್ಮೆಗೆಂದೇ ಇಲಾಖೆ ಮಾಡಿತು; 1920ರ ದಶಕದಿಂದ ಮೈಸೂರು ತಳಿಯ ಹೆಣ್ಣಿಗೆ ವಿದೇಶಿ ತಳಿಯ ಗಂಡನ್ನು ಕೂಡಿಸಿದ ಮಿಶ್ರತಳಿ ಹಳ್ಳಿಗೆ ಬಂತು. ಗೂಡು ದಪ್ಪವಾಯಿತು, ಹುಳುವಿನ ಸೈರಣೆ ತುಸು ಕಡಿಮೆಯಾಯಿತು. ಇಲಾಖೆಯ ಸಿಬ್ಬಂದಿಯ ಜೊತೆ ಎರಡು ನಳಿಗೆಯ ಹಲಗೆಯೂ ಕಾಲಕ್ರಮೇಣ ಮನೆಯೊಳಗೆ ಕಾಲಿಟ್ಟಿತು.

ಆ ಹಲಗೆ ಕೆಲಸ ಮಾಡುವ ಬಗೆ ಸರಳ. ಒದ್ದೆ ಬಟ್ಟೆಯಿಂದ ನೀರು ಆವಿಯಾಗುವಾಗ ಆ ನಳಿಗೆ ತಣ್ಣಗಾಗುತ್ತದೆ. ಗಾಳಿ ಒಣಗಿದ್ದಷ್ಟೂ ಆವಿ ಹೆಚ್ಚು, ಆದ್ದರಿಂದ ಎರಡು ನಳಿಗೆಗಳ ನಡುವಿನ ಅಂತರವೂ ಹೆಚ್ಚು. ಒಣ ನಳಿಗೆ 26, ಒದ್ದೆ ನಳಿಗೆ 23 ತೋರಿಸಿದರೆ ಕೋಣೆಯ ತೇವ ಶೇ 77ರ ಆಸುಪಾಸು. ಈ ಲೆಕ್ಕದ ಕೋಷ್ಟಕವನ್ನು ಹಲಗೆಯ ಮೇಲೆಯೇ ಅಂಟಿಸಿರುತ್ತಿದ್ದರು. ಕೋಷ್ಟಕ ಓದುವುದು ಶಾಲೆಗೆ ಹೋಗುವ ಮಕ್ಕಳ ಪಾಲಿಗೆ ಬರುತ್ತಿದ್ದದ್ದು ಸಹಜವೇ.

ಆದರೆ ಈ ಸರಳ ಯಂತ್ರವೂ ಸುಳ್ಳು ಹೇಳಬಲ್ಲದು. ದೇವನಹಳ್ಳಿ, ಹೊಸಕೋಟೆಯ ಕೊಳವೆಬಾವಿ ನೀರು ಗಡಸು. ಅದನ್ನೇ ಸೀಸೆಗೆ ಹಾಕಿದರೆ ಕೆಲವು ವಾರಗಳಲ್ಲಿ ಬಟ್ಟೆಯ ಮೇಲೆ ಸುಣ್ಣದ ಪೊರೆ ಕಟ್ಟುತ್ತದೆ, ನೀರು ಸರಿಯಾಗಿ ಏರುವುದಿಲ್ಲ. ಒದ್ದೆ ನಳಿಗೆ ತಣಿಯುವುದನ್ನು ಬಿಟ್ಟು ಒಣ ನಳಿಗೆಯ ಹತ್ತಿರವೇ ನಿಲ್ಲುತ್ತದೆ. ಕೋಣೆ ಒಣಗಿ ಕಟಕಟಿಸುತ್ತಿದ್ದರೂ ಕೋಷ್ಟಕ ಶೇ 90 ಎನ್ನುತ್ತದೆ. ಮಳೆನೀರೋ ಕಾಯಿಸಿ ಆರಿಸಿದ ನೀರೋ ಹಾಕಬೇಕು, ಬಟ್ಟೆ ಬದಲಿಸುತ್ತಿರಬೇಕು. ದಿನಕ್ಕೆ ಐದು ಹೊತ್ತು ಸೊಪ್ಪು ಕೊಯ್ದು, ಕತ್ತರಿಸಿ, ಹಾಸಿ, ಕಸ ತೆಗೆಯುವ ಮನೆಯಲ್ಲಿ ಆ ಪುಟ್ಟ ಸೀಸೆಯ ನೆನಪು ಯಾರಿಗಿರುತ್ತದೆ?

ಹೀಗಾಗಿ ಮುಖ್ಯ ಮಾಪಕವಾಗಿ ಉಳಿದದ್ದು ಮನೆಯ ಹೆಂಗಸರ ಮೈ. ಹುಳು ಸಾಕಣೆಯಲ್ಲಿ ಸೊಪ್ಪು ಹಾಸುವ, ಕಸ ತೆಗೆಯುವ, ರಾತ್ರಿ ಎದ್ದು ನೋಡುವ ಕೆಲಸ ಬಹುಪಾಲು ಅವರದೇ. ತಟ್ಟೆಯ ಮೇಲೆ ಕೈ ಹಿಡಿದರೆ ಬರುವ ಬಿಸಿ, ಮುಟ್ಟಿದ ಸೊಪ್ಪಿನ ಬಾಡು, ಹುದುಗಿದ ಕಸದ ಸಣ್ಣ ನಾತ, ಹುಳುಗಳು ಚದುರಿವೆಯೋ ಗುಂಪುಗೂಡಿವೆಯೋ ಎಂಬ ನೋಟ: ಇವಿಷ್ಟರಿಂದ ತೀರ್ಮಾನ. ಒಣಗಿತೆಂದರೆ ಬಾಗಿಲು, ಕಿಟಕಿಗೆ ಒದ್ದೆ ಗೋಣಿತಾಟು. ಚಳಿಯೆಂದರೆ ಇದ್ದಿಲಿನ ಅಗ್ಗಿಷ್ಟಿಕೆ, ಅದರ ಮೇಲೆ ಒಂದು ಪಾತ್ರೆ ನೀರು. ಬರೀ ಕೆಂಡವಿಟ್ಟರೆ ಕೋಣೆ ಬೆಚ್ಚಗಾಗುವ ಜೊತೆಗೆ ಒಣಗುತ್ತದೆ. ಕೆಂಡದ ಹೊಗೆ, ವಿಷಾನಿಲ ಹುಳುವಿಗೂ ಕೆಟ್ಟದ್ದು, ಪಕ್ಕದಲ್ಲಿ ಮಲಗಿದವರಿಗೂ ಕೆಟ್ಟದ್ದು.

ಈ ಉಪಾಯಗಳಿಗೆ ಮಿತಿಯಿತ್ತು. ಗೋಣಿತಾಟು ತಂಪನ್ನೂ ತೇವವನ್ನೂ ಒಟ್ಟಿಗೇ ಕೊಡುತ್ತದೆ. ಕೊನೆಯ ಹಂತದಲ್ಲಿ ತಂಪು ಬೇಕು, ತೇವ ಬೇಡ. ಹುಳು ಗೂಡು ಕಟ್ಟುವ ಮುನ್ನ ಮೈಯ ನೀರನ್ನೆಲ್ಲ ಹೊರಹಾಕುತ್ತದೆ. ಸಾವಿರಾರು ಹುಳುಗಳು ಒಂದೇ ರಾತ್ರಿ ಹೀಗೆ ಮಾಡಿದರೆ ಕೋಣೆ ಉಗಿ ಹಿಡಿದಂತಾಗುತ್ತದೆ, ಗೂಡಿನ ಎಳೆಗಳು ಅಂಟಿಕೊಳ್ಳುತ್ತವೆ, ಬಿಚ್ಚಾಣಿಕೆಯಲ್ಲಿ ನೂಲು ಹರಿಯುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಚಂದ್ರಿಕೆಗಳನ್ನು ಬೀದಿಯ ಗೋಡೆಗೆ ಒರಗಿಸಿ ಗಾಳಿಗಿಡುವ ಹಳೆಯ ರೂಢಿ ಚಂದಕ್ಕೆ ಬೆಳೆದದ್ದಲ್ಲ. 1980ರಲ್ಲಿ ಬಂಗಾಳದ ಗೂಡಿನ ಜೊತೆ ಊಜಿ ನೊಣ ಕರ್ನಾಟಕಕ್ಕೆ ಬಂದ ಮೇಲೆ ಇನ್ನೊಂದು ತೊಡಕು ಎದುರಾಯಿತು. ಹುಳುವಿನ ಮೈಮೇಲೆ ಮೊಟ್ಟೆಯಿಡುವ ಈ ನೊಣವನ್ನು ತಡೆಯಲು ಕಿಟಕಿ, ಬಾಗಿಲುಗಳಿಗೆ ಬಲೆ ಹೊಡೆದರು. ನೊಣದ ಜೊತೆಗೆ ಗಾಳಿಯೂ ಅರ್ಧ ನಿಂತಿತು.

ಹುಳು ಮನೆ ಬಿಟ್ಟಾಗ

1990ರ ದಶಕದಲ್ಲಿ ಎರಡು ಬದಲಾವಣೆಗಳು ಒಟ್ಟೊಟ್ಟಿಗೆ ಬಂದವು. 1991ರಲ್ಲಿ ಜಪಾನಿನ ನೆರವಿನ ದ್ವಿತಳಿ ಯೋಜನೆ ಆರಂಭವಾಯಿತು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಸಿಎಸ್ಆರ್ ಸರಣಿಯ ಬಿಳಿ ಗೂಡಿನ ತಳಿಗಳನ್ನು ರೂಪಿಸಿತು. ಸಿಎಸ್ಆರ್-2, ಸಿಎಸ್ಆರ್-4ರ ಮಿಶ್ರತಳಿಗೆ 1997ರಲ್ಲಿ ಮನ್ನಣೆ ದೊರೆಯಿತು. ಮೈಸೂರು ತಳಿಯ ಗೂಡಿನಿಂದ ಮುನ್ನೂರು-ನಾನ್ನೂರು ಮೀಟರ್ ಎಳೆ ಬಂದರೆ ಇದರಿಂದ ಸಾವಿರ ಮೀಟರಿನಷ್ಟು. ಆದರೆ ದ್ವಿತಳಿ ಮೂಲತಃ ಸಮಶೀತೋಷ್ಣ ದೇಶಗಳ ಹುಳು. ಒಂದು ಸುಡುವ ಮಧ್ಯಾಹ್ನವನ್ನು ಮೈಸೂರು ತಳಿ ಸಹಿಸಿದಂತೆ ಅದು ಸಹಿಸುವುದಿಲ್ಲ.

ಎರಡನೆಯದು ರೆಂಬೆ ಪದ್ಧತಿ. ಎಲೆ ಬಿಡಿಸಿ ತಟ್ಟೆಗೆ ಹಾಸುವ ಬದಲು ಇಡೀ ರೆಂಬೆ ಕಡಿದು ಅಗಲವಾದ ಅಂತಸ್ತುಗಳ ಮೇಲೆ ಹರಡುವುದು. ಕೆಲಸ ಎಷ್ಟೋ ಹಗುರ. ಆದರೆ ಅದಕ್ಕೆ ನಡುಮನೆ ಸಾಲದು. ತೋಟದ ಅಂಚಿನಲ್ಲಿ ಬೇರೆಯೇ ಹುಳುಮನೆ ಎದ್ದಿತು. ಸರ್ಕಾರದ ಸಹಾಯಧನವೂ ಸಿಕ್ಕಿತು. ಎಳೆಯ ಮರಿಗಳನ್ನು ಚಾಕಿ ಕೇಂದ್ರಗಳೇ ಬೆಳೆಸಿ, ಎರಡನೇ ಜ್ವರ ಕಳೆದ ಮೇಲೆ ರೈತರಿಗೆ ಕೊಡತೊಡಗಿದವು. ಮನುಷ್ಯರಿಗೆ ನಡುಮನೆ ಮರಳಿ ಸಿಕ್ಕಿತು. ಹುಳುವಿನ ನಾತ, ಬ್ಲೀಚಿಂಗ್ ಪುಡಿಯ ಘಾಟು ದೂರವಾದವು. ಇದರಿಂದ ಯಾರಿಗೂ ಬೇಸರವಾಗಿರಲಾರದು.

ಆದರೆ ಒಂದು ಸಂಗತಿ ಯಾರ ಲೆಕ್ಕಕ್ಕೂ ಬರಲಿಲ್ಲ. ಹುಳುವಿನ ಪಕ್ಕದಲ್ಲೇ ಮಲಗಿದಾಗ ರಾತ್ರಿ ಮೂರರ ಚಳಿ ಇಬ್ಬರಿಗೂ ಒಟ್ಟಿಗೇ ತಟ್ಟುತ್ತಿತ್ತು. ಕಂಬಳಿ ಎಳೆದುಕೊಳ್ಳುವ ಕೈ ಅಗ್ಗಿಷ್ಟಿಕೆಯನ್ನೂ ನೆನೆಯುತ್ತಿತ್ತು. ಹುಳು ನೂರು ಮಾರು ಆಚೆಗೆ ಹೋದ ಮೇಲೆ ಆ ತಂತು ಕಡಿಯಿತು. ಹೊಸ ಹುಳುಮನೆಗಳಲ್ಲಿ ಅನೇಕವು ತಗಡು ಇಲ್ಲವೇ ಸಿಮೆಂಟ್ ಷೀಟಿನ ಮಾಡಿನವು. ಮಣ್ಣಿನ ಮನೆಗಿಂತ ಬೇಗ ಕಾಯುತ್ತವೆ, ಬೇಗ ಆರುತ್ತವೆ. ಹುಳು ಮೊದಲಿಗಿಂತ ನಾಜೂಕು, ಕೋಣೆ ಮೊದಲಿಗಿಂತ ಚಂಚಲ, ಕಾಯುವವರು ಮೊದಲಿಗಿಂತ ದೂರ. ದೂರದಿಂದ ಕೂಗಿ ಹೇಳುವ ಯಂತ್ರವೊಂದರ ಅಗತ್ಯ ಹುಟ್ಟಿದ್ದು ಹೀಗೆ.

ಆ ಯಂತ್ರದ ಬಿಡಿಭಾಗಗಳು ರೇಷ್ಮೆಗೆಂದು ಹುಟ್ಟಿದವಲ್ಲ. 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಪಟ್ಟಣದ ವಿನ್ಯಾಸ ಶಾಲೆಯಲ್ಲಿ ವಿದ್ಯಾರ್ಥಿಗಳಿಗೆಂದು ಆರ್ಡುಯಿನೊ ಎಂಬ ಅಗ್ಗದ ಮಂಡಲಹಲಗೆ ರೂಪುಗೊಂಡಿತು. 2012ರಲ್ಲಿ ಬ್ರಿಟನ್ನಿನಿಂದ ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ. 2014ರ ಸುಮಾರಿಗೆ ಚೀನಾದಿಂದ ವೈಫೈ ಹೊತ್ತ ಪುಟ್ಟ ಚಿಪ್ಪುಗಳು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇವೆಲ್ಲ ದೊರೆಯತೊಡಗಿದ ಮೇಲೆ ಸುತ್ತಲ ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ಪ್ರಾಜೆಕ್ಟ್‌ಗಳಲ್ಲಿ ರೇಷ್ಮೆ ಹುಳುಮನೆ ಕಾಣಿಸಿಕೊಂಡಿತು. ಉಷ್ಣಾಂಶ ಏರಿದರೆ ಫ್ಯಾನ್ ತಿರುಗಬೇಕು, ತೇವ ಇಳಿದರೆ ನೀರು ಸಿಂಪಡಿಸುವ ಯಂತ್ರ ಚಾಲೂ ಆಗಬೇಕು, ಸಂದೇಶ ಮೊಬೈಲಿಗೆ ಹೋಗಬೇಕು. ಪ್ರಾಜೆಕ್ಟ್ ಎಂಬ ಮಟ್ಟಿಗೆ ಎಲ್ಲವೂ ಸೊಗಸು.

ಅಡಚಣೆ ಇರುವುದು ವಿವರಗಳಲ್ಲಿ. ಇಂಥ ಪ್ರಾಜೆಕ್ಟ್‌ಗಳಲ್ಲಿ ಹೆಚ್ಚು ಬಳಕೆಯಾಗುವ ನೂರಿನ್ನೂರು ರೂಪಾಯಿಯ ಡಿಎಚ್‌ಟಿ-11 ಎಂಬ ನೀಲಿ ಸೆನ್ಸರಿನ ತಪ್ಪಿನ ಅವಕಾಶ, ತಯಾರಕರ ವಿವರಣೆಯಂತೆಯೇ, ಉಷ್ಣಾಂಶದಲ್ಲಿ ಎರಡು ಡಿಗ್ರಿ ಆಚೀಚೆ, ತೇವದಲ್ಲಿ ಶೇ 5. ನಾಲ್ಕನೆಯ ಹಂತಕ್ಕೂ ಐದನೆಯದಕ್ಕೂ ಬೇಕಾದ ಉಷ್ಣಾಂಶದ ವ್ಯತ್ಯಾಸವೇ ಒಂದು ಡಿಗ್ರಿ! ಅದೇ ಕುಟುಂಬದ ಬಿಳಿ ಸೆನ್ಸರ್ ಡಿಎಚ್‌ಟಿ-22ರ ಬೆಲೆ ಹೆಚ್ಚು. ಅದು ಅರ್ಧ ಡಿಗ್ರಿಯವರೆಗೆ ನಂಬಬಹುದಾದದ್ದು. ಯಾವುದನ್ನು ಹಾಕಿದ್ದಾರೆಂದು ಡಬ್ಬಿಯ ಹೊರಗಿನಿಂದ ತಿಳಿಯುವುದಿಲ್ಲ. ಪರದೆಯ ಮೇಲೆ ದಶಮಾಂಶ ಸ್ಥಾನದೊಂದಿಗೆ ಮೂಡುವ ಅಂಕಿಯನ್ನು ಯಾರೂ ಅನುಮಾನಿಸುವುದೂ ಇಲ್ಲ.

ತೇವ ಅಳೆಯುವ ತತ್ತ್ವ ಸೊಸೂರನ ಕೂದಲಿನದೇ. ಕೂದಲಿನ ಬದಲು ತೇವ ಹೀರುವ ತೆಳು ಪದರ. ಉದ್ದ ಬದಲಾಗುವ ಬದಲು ಅದರ ವಿದ್ಯುತ್ ಗುಣ ಬದಲಾಗುತ್ತದೆ. ಈ ಪದರಕ್ಕೆ ರಾಸಾಯನಿಕ ಆವಿಯೆಂದರೆ ಆಗದು. ಹುಳುಮನೆಯಲ್ಲಾದರೋ ಪ್ರತಿ ಬೆಳೆಯ ಮುಂಚೆ ಬ್ಲೀಚಿಂಗ್ ಪುಡಿ, ಫಾರ್ಮಲಿನ್‌ಗಳಂಥ ಸೋಂಕುನಿವಾರಕ ಹೊಡೆಯಲೇಬೇಕು. ಜ್ವರದ ದಿನ ಸುಣ್ಣದ ಧೂಳು ಬೇರೆ. ಬೆಳೆ ಮುಗಿದೊಡನೆ ಬಿಚ್ಚಿಡದಿದ್ದರೆ ಒಂದೆರಡು ವರ್ಷದಲ್ಲಿ ಸೆನ್ಸರ್ ದಾರಿ ತಪ್ಪುತ್ತದೆ. ಅದು ಕೆಟ್ಟು ನಿಂತರೆ ತಿಳಿದೀತು. ಶೇ 10 ಹೆಚ್ಚು ತೋರಿಸುತ್ತ ಓಡುತ್ತಿದ್ದರೆ ಗಡಸು ನೀರಿನ ಬಟ್ಟೆಯ ಕಥೆಯೇ ಮರುಕಳಿಸುತ್ತದೆ.

ಇನ್ನು ಅದನ್ನು ಎಲ್ಲಿ ನೇತುಹಾಕಬೇಕು? ಗೋಡೆಯ ಮೇಲಿನ ಗಾಳಿಯೂ ಹುಳು ಮಲಗಿರುವ ಹಾಸಿಗೆಯ ಗಾಳಿಯೂ ಒಂದೇ ಅಲ್ಲ. ಹಸಿ ಸೊಪ್ಪು ಉಸಿರಾಡುತ್ತದೆ, ಕಸ ಹುದುಗಿ ಬಿಸಿಯಾಗುತ್ತದೆ. ಚಾಕಿಯಲ್ಲಿ ತಟ್ಟೆಯ ಮೇಲೆ ಪ್ಯಾರಾಫಿನ್ ಕಾಗದ ಮುಚ್ಚಿ, ಸುತ್ತ ಒದ್ದೆ ಫೋಮ್ ಪಟ್ಟಿಯಿಟ್ಟು ಒಳಗೊಂದು ಸಣ್ಣ ಹವಾಮಾನವನ್ನೇ ಕಟ್ಟುತ್ತಾರೆ. ಗೋಡೆಯ ಡಬ್ಬಿಗೆ ಅದರ ಸುಳಿವೂ ಸಿಗುವುದಿಲ್ಲ. ಹುಳುವಿಗೆ ಬೇಕಾದ್ದು ಆ ಎರಡು ಅಂಗುಲದ ಗಾಳಿ; ಅಲ್ಲಿ ಕೈಯಿಟ್ಟು ನೋಡುತ್ತಿದ್ದವರ ಅಳತೆ ಒರಟಾಗಿದ್ದರೂ ಅವರು ಅಳೆಯುತ್ತಿದ್ದ ಜಾಗ ಸರಿಯಾಗಿತ್ತು.

ಇಷ್ಟೆಲ್ಲ ಹೇಳಿದ ಮೇಲೂ ಡಬ್ಬಿಯ ಒಂದು ಉಪಕಾರವನ್ನು ಒಪ್ಪಲೇಬೇಕು. ಗಾಜಿನ ನಳಿಗೆಯನ್ನು ಜನ ನೋಡುತ್ತಿದ್ದದ್ದು ಸೊಪ್ಪು ಹಾಕುವ ಹೊತ್ತಿಗೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಪುಸ್ತಕದಲ್ಲಿ ಖಾಲಿ. ಕಂಪ್ಯೂಟರ್ ಬರೆದ ಗೆರೆಯಲ್ಲಿ ಆ ಖಾಲಿ ತುಂಬಿತು. ಉಷ್ಣಾಂಶ ತಳ ಮುಟ್ಟುವುದು ಮಧ್ಯರಾತ್ರಿಯಲ್ಲಲ್ಲ, ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ. ಅದೇ ಹೊತ್ತಿಗೆ ತೇವ ಶಿಖರ ಮುಟ್ಟುತ್ತದೆ. ಸುಣ್ಣಕಟ್ಟಿಗೆ ಬೇಕಾದ ಚಳಿ, ತೇವಗಳ ಜೋಡಿ ಸೇರುವುದು ಎಲ್ಲರೂ ಗಾಢ ನಿದ್ದೆಯಲ್ಲಿರುವ ಈ ಗಳಿಗೆಯಲ್ಲಿ. ಹಗಲಿನ ಅಂಕಿಗಳೆಲ್ಲ ಸರಿಯಿದ್ದೂ ಬೆಳೆ ಕೆಟ್ಟಿತೇಕೆ ಎಂಬ ಹಳೆಯ ಒಗಟಿಗೆ ಉತ್ತರ ಎಷ್ಟೋ ಬಾರಿ ಅಲ್ಲಿರುತ್ತದೆ.

ಕೂಗಿದ ಮೊಬೈಲ್ ಯಾರ ದಿಂಬಿನ ಪಕ್ಕದಲ್ಲಿದೆ ಎಂಬುದು ಮುಂದಿನ ಪ್ರಶ್ನೆ. ಹುಳುಮನೆ, ಜಮೀನು, ಸಿಮ್ ಕಾರ್ಡ್ ಮನೆಯ ಯಜಮಾನನ ಹೆಸರಿನಲ್ಲಿದ್ದರೆ ಎಚ್ಚರಿಕೆ ಹೋಗುವುದು ಅವನಿಗೆ. ಎದ್ದು ಬಾಗಿಲಿನ ಪರದೆ ಇಳಿಸುವವರು ಬೇರೆಯವರು. ಕರೆಂಟ್ ಹೋದರೆ ಫ್ಯಾನೂ ಇಲ್ಲ, ವೈಫೈಯೂ ಇಲ್ಲ. ದತ್ತಾಂಶ ಕೂಡಿಡುವ ಕಂಪೆನಿಯ ಆಯುಷ್ಯವೂ ಮುಖ್ಯ. 2020ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರೇಷಾಮಂಡಿ ಎಂಬ ನವೋದ್ಯಮ ಹುಳುಮನೆಗಳಿಗೆ ಇಂಥ ಸೆನ್ಸರ್‌ಗಳನ್ನು ತಲುಪಿಸುವ ಮಾತಿನೊಂದಿಗೆ ಹೆಸರು ಮಾಡಿತ್ತು. 2024ರ ಹೊತ್ತಿಗೆ ಅದು ಆರ್ಥಿಕ ಮುಗ್ಗಟ್ಟಿಗೆ ಸಿಲುಕಿತು. ಗಾಜಿನ ನಳಿಗೆಗೆ ಇಂಥ ಭಯವಿರಲಿಲ್ಲ. ಅದನ್ನು ತಂದುಕೊಟ್ಟ ಇಲಾಖೆಯವರು ವರ್ಗವಾಗಿ ಹೋದರೂ ಪಾದರಸ ಏರುತ್ತಿತ್ತು, ಇಳಿಯುತ್ತಿತ್ತು.

ದೇವನಹಳ್ಳಿಯ ಬಳಿ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ಕಥೆಗೆ ಇನ್ನೊಂದು ಅಂಚು ಬಂದಿದೆ. ಹಿಪ್ಪುನೇರಳೆ ತೋಟವಿದ್ದ ಎಷ್ಟೋ ಜಮೀನುಗಳಲ್ಲಿ ಈಗ ನಿವೇಶನದ ಕಲ್ಲುಗಳಿವೆ. ಅಲ್ಲಿ ಏಳುವ ಮನೆಗಳ ಗೋಡೆಯ ಮೇಲೂ ಉಷ್ಣಾಂಶ, ತೇವಾಂಶ ತೋರಿಸಿ ಎ.ಸಿ.ಯನ್ನು ತಾನೇ ಹೊಂದಿಸುವ ಬಿಳಿ ಡಬ್ಬಿ ಕೂರಬಹುದು. ಒಳಗಿನ ಸೆನ್ಸರ್ ಅದೇ ಜಾತಿಯದು. ಆದರೆ ಆ ಮನೆಯಲ್ಲಿ ಅಂಕಿ ಎರಡು ಡಿಗ್ರಿ ತಪ್ಪಿದರೆ ಯಾರೂ ಒಂದು ಬೆಳೆ ಕಳೆದುಕೊಳ್ಳುವುದಿಲ್ಲ.

ಅದೇ ತಾಲ್ಲೂಕಿನ ವಿಜಯಪುರದ ಗೂಡಿನ ಮಾರುಕಟ್ಟೆಗೆ ಬಿಳಿ, ಹಳದಿ ಗೂಡುಗಳ ಚೀಲ ಈಗಲೂ ಬರುತ್ತವೆ. ಗೂಡು ಮಾರಿ ಬಂದ ಮರುದಿನ ಹುಳುಮನೆ ತೊಳೆಯುವ ಕೆಲಸ. ಅಂತಸ್ತುಗಳನ್ನು ಬಿಚ್ಚಿ ಬಿಸಿಲಿಗಿಟ್ಟು, ನೆಲ ಉಜ್ಜಿ, ಬ್ಲೀಚಿಂಗ್ ಪುಡಿ ಕಲಸುವ ಮುಂಚೆ ತಿಳಿದವರು ಗೋಡೆಯ ಡಬ್ಬಿಯನ್ನು ಕಳಚುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅದು ಮುಂದಿನ ಬೆಳೆಯವರೆಗೆ ನಡುಮನೆಯ ಗೂಡಿನಲ್ಲಿ ಕೂರುತ್ತದೆ.